ನರದ ನೋವು ಮತ್ತೆ ಬಂತೇ? ವ್ಯಾಯಾಮ ಬಿಡಬೇಡಿ, ಅರ್ಧಕ್ಕೆ ಇಳಿಸಿ

ಬ್ಯಾಡಗಿ: ಆರು ವಾರ ಎಲ್ಲಾ ಚೆನ್ನಾಗಿಯೇ ನಡೆದಿರುತ್ತದೆ. ದಿನಾ ಬೆಳಿಗ್ಗೆ ವಾಕಿಂಗ್, ಫಿಸಿಯೋಥೆರಪಿಯವರು ಹೇಳಿಕೊಟ್ಟ ನಾಲ್ಕು ವ್ಯಾಯಾಮ. ಸೊಂಟದಿಂದ ಕಾಲಿಗೆ ಇಳಿಯುತ್ತಿದ್ದ ನೋವು ಅರ್ಧಕ್ಕರ್ಧ ಕಮ್ಮಿ. ಅಷ್ಟರಲ್ಲಿ ಸೀಸನ್ ಬರುತ್ತದೆ. ಹಮಾಲರು ಸಿಗದ ದಿನ ಅಂಗಡಿಯವರೇ ಎರಡು ಚೀಲ ಎತ್ತಿಡುತ್ತಾರೆ, ಸಂಜೆವರೆಗೂ ಗಲ್ಲಾ ಬಿಟ್ಟು ಏಳುವುದಿಲ್ಲ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ಕರೆಂಟ್ ಹೊಡೆದಂತೆ ನೋವು. ‘ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತು’ ಅಂತ ಅಂದೇ ವ್ಯಾಯಾಮಕ್ಕೆ ಕೈಮುಗಿಯುತ್ತಾರೆ.

ಪೇಟೆಯ ಯಾವ ಸಾಲಿನಲ್ಲಿ ಕೇಳಿದರೂ ಇಂಥದ್ದೊಂದು ಕಥೆ ಸಿಗುತ್ತದೆ. ದಲಾಲಿ ಅಂಗಡಿಯ ಗಾದಿ ಮೇಲೆ ಕೂರುವವರು, ಜವಳಿ ಅಂಗಡಿಯಲ್ಲಿ ದಿನವಿಡೀ ನಿಲ್ಲುವವರು, ನೆಲದ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಚೀಲ ಹೊರುವ ಹಮಾಲರು, ಎಲ್ಲರಿಗೂ ಇದು ಗೊತ್ತಿರುವ ನೋವು. ಆದರೆ ಹೆಚ್ಚಿನವರು ಸೋಲುವುದು ನೋವು ಶುರುವಾದಾಗ ಅಲ್ಲ. ಕಮ್ಮಿಯಾಗಿದ್ದ ನೋವು ಮತ್ತೆ ತಿರುಗಿ ಬಂದಾಗ. ಹೀಗೆ ತಿರುಗಿ ಬರುವುದು ಈ ಕಾಯಿಲೆಯ ಸ್ವಭಾವ. ಆಗ ಮೊದಲ ವಾರ ಏನು ಮಾಡುತ್ತೀರಿ ಅನ್ನುವುದರ ಮೇಲೆ ಮುಂದಿನ ತಿಂಗಳುಗಳು ನಿಂತಿವೆ.

ಏನಿದು ನರದ ನೋವು?

ನಮ್ಮ ಕಡೆ ಹೆಚ್ಚು ಕಾಣುವುದು ಎರಡು ಬಗೆ.

ಮೊದಲನೆಯದು ಸಯಾಟಿಕಾ. ಸಯಾಟಿಕ್ ನರ ದೇಹದಲ್ಲೇ ದಪ್ಪ ಮತ್ತು ಉದ್ದದ ನರ. ಸೊಂಟದ ಕೆಳಭಾಗದಲ್ಲಿ ಐದು ನರಬೇರುಗಳು ಕೂಡಿ ಇದು ಆಗುತ್ತದೆ. ಕುಂಡಿಯ ಹಿಂದಿನಿಂದ ತೊಡೆಗೆ ಇಳಿದು, ಮೊಣಕಾಲಿನ ಹತ್ತಿರ ಕವಲೊಡೆದು ಪಾದದವರೆಗೆ ಹೋಗುತ್ತದೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ಈ ಬೇರುಗಳಲ್ಲಿ ಒಂದನ್ನು ಒತ್ತಿದರೆ ಅಥವಾ ಕೆರಳಿಸಿದರೆ ನೋವು ಸೊಂಟದಲ್ಲಿ ನಿಲ್ಲದೆ ಕಾಲಿಗೆ ಇಳಿಯುತ್ತದೆ. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಎಂಬ ಹೆಸರಿದೆ. ಗೃಧ್ರ ಅಂದರೆ ಹದ್ದು; ನೋವಿದ್ದವರ ನಡಿಗೆ ಅದರಂತೆ ಕಾಣುತ್ತದೆ ಎಂದು ಆ ಹೆಸರು.

ಎರಡನೆಯದು ಸಕ್ಕರೆ ಕಾಯಿಲೆಯಿಂದ ಬರುವುದು. ವರ್ಷಗಟ್ಟಲೆ ಶುಗರ್ ಹೆಚ್ಚಿದ್ದರೆ ಪಾದದ ಸಣ್ಣ ನರಗಳು ಕೆಡುತ್ತವೆ. ಎರಡೂ ಅಂಗಾಲು ಉರಿ, ಜುಮು ಜುಮು, ಸೂಜಿ ಚುಚ್ಚಿದಂತೆ. ರಾತ್ರಿ ಹೊತ್ತು ಜಾಸ್ತಿ. ಬರಬರುತ್ತಾ ಮರಗಟ್ಟುತ್ತದೆ.

ಸಯಾಟಿಕಾ ಬಂದ ಹೆಚ್ಚಿನವರಿಗೆ ಆಪರೇಷನ್ ಇಲ್ಲದೆಯೇ ಕೆಲವು ವಾರಗಳಲ್ಲಿ ತಗ್ಗುತ್ತದೆ. ಮೂರು ತಿಂಗಳು ದಾಟಿದರೂ ಉಳಿದ ನೋವನ್ನು ದೀರ್ಘಕಾಲದ್ದು ಎನ್ನುತ್ತಾರೆ. ಈ ಲೇಖನ ಮುಖ್ಯವಾಗಿ ಅಂಥವರಿಗೆ.

ಮೆಣಸಿನಕಾಯಿ ಉರಿ ನೆನಪಿಸಿಕೊಳ್ಳಿ

ನೋವು ಹೆಚ್ಚಾದ ಕೂಡಲೇ ಎಲ್ಲರಿಗೂ ಬರುವ ಭಯ ಒಂದೇ: ‘ನರ ಕಟ್ ಆಯ್ತೇನೋ, ಡಿಸ್ಕ್ ಇನ್ನೂ ಜಾರಿತೇನೋ?’

ಇದಕ್ಕೆ ಉತ್ತರ ನಮ್ಮ ಮಾರ್ಕೆಟ್‌ನಲ್ಲೇ ಇದೆ. ದಿನವಿಡೀ ಮೆಣಸಿನಕಾಯಿ ಬಿಡಿಸಿದ ಕೈ ರಾತ್ರಿ ಬೆಂಕಿ ಹಚ್ಚಿದಂತೆ ಉರಿಯುತ್ತದೆ. ಆದರೆ ಚರ್ಮ ಸುಟ್ಟಿರುವುದಿಲ್ಲ. ಬಿಸಿಯ ಸುದ್ದಿ ಮೆದುಳಿಗೆ ಒಯ್ಯುವ ನರದ ತುದಿಯನ್ನು ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ಅಂಶ ಕೆರಳಿಸುತ್ತದೆ. ಬೆಂಕಿ ಇಲ್ಲದಿದ್ದರೂ ನರ ‘ಬೆಂಕಿ’ ಎಂದು ಕೂಗುತ್ತದೆ.

ಹಳೆಯ ನರದ ನೋವಿನಲ್ಲೂ ಹೀಗೇ. ಬಹಳ ದಿನ ಕೆರಳಿದ ನರ ಸೂಕ್ಷ್ಮವಾಗಿಬಿಡುತ್ತದೆ. ಸಣ್ಣ ಕಾರಣಕ್ಕೂ ದೊಡ್ಡ ದನಿ ತೆಗೆಯುತ್ತದೆ. ಎರಡು ರಾತ್ರಿ ನಿದ್ದೆ ಇಲ್ಲದಿದ್ದರೆ, ಕೂತ ಜಾಗ ಬಿಟ್ಟು ಏಳದಿದ್ದರೆ, ಗುಂಡಿ ಬಿದ್ದ ರಸ್ತೆಯಲ್ಲಿ ಬೈಕ್ ಓಡಿಸಿದರೆ, ಸಾಲದ ಕಂತಿನ ಚಿಂತೆ ಹತ್ತಿದರೆ ಸಾಕು. ಅಂದರೆ ನೋವು ಏರಿತು ಅಂದಮಾತ್ರಕ್ಕೆ ಹೊಸ ಪೆಟ್ಟಾಗಿದೆ ಎಂದಲ್ಲ. ಕೆಲವೊಮ್ಮೆ ನಿಜವಾಗಿಯೂ ಆಗಿರುತ್ತದೆ. ಅದರ ಲಕ್ಷಣಗಳನ್ನು ಕೆಳಗೆ ಬೇರೆಯಾಗಿ ಕೊಟ್ಟಿದೆ.

(ಕ್ಯಾಪ್ಸೈಸಿನ್‌ನಿಂದ ಮಾಡಿದ ಮುಲಾಮು ನರದ ನೋವಿಗೂ ಬಳಕೆಯಲ್ಲಿದೆ. ಅದು ವೈದ್ಯರು ಹೇಳಿದರೆ ಮಾತ್ರ. ಮನೆಯಲ್ಲಿ ಮೆಣಸಿನಕಾಯಿ ಅರೆದು ಹಚ್ಚುವ ಸಾಹಸ ಬೇಡ.)

ಉದ್ರಿ ಲೆಕ್ಕದ ತಪ್ಪು

ನೋವು ತಿರುಗಿ ಬರುವುದಕ್ಕೆ ಸಾಮಾನ್ಯ ಕಾರಣ ಒಂದು ಚಕ್ರ. ಆರಾಮ ಇದ್ದ ದಿನ ಬಾಕಿ ಉಳಿದ ಕೆಲಸವನ್ನೆಲ್ಲಾ ಒಂದೇ ಸಲ ಮುಗಿಸುವುದು. ಮರುದಿನ ಏಳಲಾಗದೆ ಎರಡು-ಮೂರು ದಿನ ಮಲಗುವುದು. ಮಲಗಿದ್ದರಿಂದ ಸ್ನಾಯು ಸಡಿಲವಾಗಿ ಮೊದಲಿಗಿಂತ ಕಡಿಮೆ ಕೆಲಸಕ್ಕೇ ನೋವು ಬರುವುದು. ಮತ್ತೊಂದು ಒಳ್ಳೆ ದಿನ ಬಂದರೆ ಮತ್ತೆ ಅದೇ ಕಥೆ.

ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳ್ಳೆ ದಿನ ಮಾಡಿದ ಹೆಚ್ಚಿನ ಕೆಲಸ ಉದ್ರಿ ಇದ್ದಂತೆ. ಬಡ್ಡಿ ಸಮೇತ ಮರುದಿನ ಕಟ್ಟಬೇಕು.

ಹಾಗಾಗಿ ವ್ಯಾಯಾಮವನ್ನು ಆ ದಿನದ ಉಮೇದಿನ ಮೇಲೆ ಬಿಡಬಾರದು, ಲೆಕ್ಕದ ಮೇಲೆ ಇಡಬೇಕು. ಮೂರು ದಿನ ನಡೆದು ನೋಡಿ. ಒಂದು ದಿನ 20 ನಿಮಿಷ ಆಯ್ತು, ಒಂದು ದಿನ 15, ಕೆಟ್ಟ ದಿನ ಬರೀ 10 ಅಂತಿಟ್ಟುಕೊಳ್ಳಿ. ನಿಮ್ಮ ಲೆಕ್ಕ 20ರಿಂದ ಶುರುವಾಗುವುದಿಲ್ಲ. ಕೆಟ್ಟ ದಿನದ 10ಕ್ಕಿಂತ ಸ್ವಲ್ಪ ಕಮ್ಮಿ, ಅಂದರೆ 8 ನಿಮಿಷದಿಂದ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಒಂದು ವಾರ ತಡೆದುಕೊಂಡರೆ ಒಂದೊಂದು ನಿಮಿಷ ಏರಿಸಿ. ಆರಾಮ ಅನ್ನಿಸಿದ ದಿನವೂ ಅಷ್ಟೇ, ಬೇಜಾರಾದ ದಿನವೂ ಅಷ್ಟೇ.

ಯಾವ ವ್ಯಾಯಾಮ?

ಎಲ್ಲರಿಗೂ ಒಂದೇ ಪಟ್ಟಿ ಹೊಂದುವುದಿಲ್ಲ. ಒಬ್ಬರಿಗೆ ಬೆನ್ನು ಹಿಂದಕ್ಕೆ ಬಾಗಿಸಿದರೆ ಹಾಯೆನಿಸುತ್ತದೆ, ಇನ್ನೊಬ್ಬರಿಗೆ ಮುಂದಕ್ಕೆ. ಮೊಬೈಲ್ ವಿಡಿಯೋ ನೋಡಿ ಶುರು ಮಾಡುವ ಬದಲು ಒಮ್ಮೆಯಾದರೂ ಫಿಸಿಯೋಥೆರಪಿಯವರಿಗೆ ತೋರಿಸಿ, ನಿಮಗೆ ಯಾವುದು ಅಂತ ಕೇಳಿಕೊಂಡು ಬರುವುದು ಒಳ್ಳೆಯದು. ಸಾಮಾನ್ಯವಾಗಿ ಹೇಳಿಕೊಡುವವು ಇವು:

1. ಸಮತಟ್ಟು ಜಾಗದಲ್ಲಿ ನಿಧಾನ ನಡಿಗೆ.
2. ಬೋರಲು ಮಲಗಿ, ಮೊಣಕೈ ಊರಿ, ಎದೆ ಸ್ವಲ್ಪ ಎತ್ತಿ ಅರ್ಧ ನಿಮಿಷ ಇರುವುದು.
3. ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ಎದೆಯ ಕಡೆ ತರುವುದು.
4. ಮೊಣಕಾಲು ಮಡಚಿ ಮಲಗಿ, ಸೊಂಟವನ್ನು ನಿಧಾನ ಮೇಲೆತ್ತಿ ಇಳಿಸುವುದು.
5. ಕುರ್ಚಿಯಲ್ಲಿ ಕೂತು ನೋವಿನ ಕಾಲನ್ನು ನಿಧಾನ ಚಾಚುತ್ತಾ ತಲೆ ಮೇಲೆತ್ತುವುದು, ಕಾಲು ಇಳಿಸುತ್ತಾ ತಲೆ ಬಗ್ಗಿಸುವುದು. ನರ ಅಕ್ಕಪಕ್ಕದ ಸ್ನಾಯುಗಳ ನಡುವೆ ಸಲೀಸಾಗಿ ಜಾರಲಿ ಎಂದು ಇದು. ಎಳೆದು ಹಿಡಿಯಬಾರದು.

ಮಾಡುವಾಗ ಎರಡು ಸಂಗತಿ ಗಮನಿಸಿ. ಒಂದು, ನೋವು ಎಲ್ಲಿದೆ? ಪಾದದಲ್ಲಿದ್ದ ನೋವು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಕೊನೆಗೆ ಸೊಂಟಕ್ಕೆ ಹಿಂದೆ ಸರಿಯುತ್ತಿದ್ದರೆ ಒಳ್ಳೆಯ ಲಕ್ಷಣ. ಆಗ ಸೊಂಟ ತುಸು ಜಾಸ್ತಿ ನೋಯಬಹುದು, ಹೆದರಬೇಡಿ. ಅದೇ ಸೊಂಟದ ನೋವು ಕೆಳಕ್ಕೆ ಇಳಿಯುತ್ತಾ ಪಾದ ಮುಟ್ಟಿದರೆ ಆ ವ್ಯಾಯಾಮ ಅಲ್ಲೇ ನಿಲ್ಲಿಸಿ. ಎರಡು, ಮರುದಿನ ಬೆಳಿಗ್ಗೆ ಹೇಗಿದೆ? ಮಾಡುವಾಗ ತುಸು ನೋವಾಗಿ, ಬೆಳಿಗ್ಗೆಯೊಳಗೆ ಎಂದಿನ ಮಟ್ಟಕ್ಕೆ ಬಂದಿದ್ದರೆ ಸರಿ. ಬಂದಿಲ್ಲ ಅಂದರೆ ನಿನ್ನೆಯದು ಜಾಸ್ತಿ ಆಯ್ತು ಎಂದರ್ಥ.

ನೋವು ಏರಿದ ವಾರ ಏನು ಮಾಡಬೇಕು?

ಮೊದಲ ಎರಡು ದಿನ: ಪೂರ್ತಿ ಮಲಗಬೇಡಿ. ವಾರಗಟ್ಟಲೆ ಹಾಸಿಗೆ ಹಿಡಿಯಿರಿ ಎನ್ನುವ ಹಳೆಯ ಸಲಹೆಯನ್ನು ವೈದ್ಯರು ಈಗ ಕೊಡುವುದಿಲ್ಲ. 20 ನಿಮಿಷ ನಡೆಯುತ್ತಿದ್ದವರು ಮನೆಯೊಳಗೇ ಐದೈದು ನಿಮಿಷದಂತೆ ಎರಡು-ಮೂರು ಸಲ ಓಡಾಡಿ. ಶಕ್ತಿ ಬೇಡುವ ವ್ಯಾಯಾಮ ಬಿಡಿ, ಹಗುರವಾದ ಒಂದೆರಡು ಇಟ್ಟುಕೊಳ್ಳಿ. ಬಿಸಿ ಅಥವಾ ತಣ್ಣನೆ ಶಾಖ, ಯಾವುದು ಹಿತವೋ ಅದನ್ನು ಸೊಂಟಕ್ಕೆ 10-15 ನಿಮಿಷ ಕೊಡಬಹುದು.

ಮೂರನೇ ದಿನದಿಂದ: ನೋವು ಏರುತ್ತಿಲ್ಲ ಅಂದರೆ ಹಳೆಯ ಪಟ್ಟಿಯನ್ನೇ ಅರ್ಧ ಎಣಿಕೆಯಲ್ಲಿ ಮಾಡಿ. ಹತ್ತು ಸಲ ಮಾಡುತ್ತಿದ್ದದ್ದು ಐದು.

ಆಮೇಲೆ: ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಒಂದೆರಡು ವಾರದಲ್ಲಿ ಹಳೆಯ ಮಟ್ಟಕ್ಕೆ ಬನ್ನಿ. ಎರಡು ವಾರವಾದರೂ ತಗ್ಗದಿದ್ದರೆ ವೈದ್ಯರ ಹತ್ತಿರ ಹೋಗಿ.

ಅಂಗಡಿಯ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ದಿನಕ್ಕೊಂದು ಸಾಲು ಬರೆದಿಡಿ: ಎಷ್ಟು ನಡೆದೆ, ನೋವು ಹತ್ತಕ್ಕೆ ಎಷ್ಟು, ಆ ದಿನ ವಿಶೇಷ ಏನಾಯಿತು. ಎರಡು-ಮೂರು ಸಲ ನೋವು ಏರಿಳಿದ ಮೇಲೆ ನಿಮ್ಮ ಕಾರಣ ನಿಮಗೇ ಸಿಗುತ್ತದೆ. ಒಬ್ಬರಿಗೆ ಚೀಲ, ಒಬ್ಬರಿಗೆ ಹುಬ್ಬಳ್ಳಿ ಬಸ್ಸಿನ ಹಿಂದಿನ ಸೀಟು, ಇನ್ನೊಬ್ಬರಿಗೆ ಮದುವೆ ಮನೆಯ ಜಾಗರಣೆ. ಆ ಹಾಳೆಯಿಂದ ಇನ್ನೊಂದು ಉಪಕಾರವೂ ಇದೆ. ನೋವಿದ್ದಾಗ ‘ಏನೂ ಸುಧಾರಿಸಿಲ್ಲ’ ಅಂತಲೇ ಅನಿಸುತ್ತದೆ. ಎರಡು ತಿಂಗಳ ಹಿಂದೆ 8 ನಿಮಿಷ ನಡೆದವರು ಈಗ ನೋವು ಏರಿದ ವಾರದಲ್ಲೂ 10 ನಿಮಿಷ ನಡೆದಿದ್ದಾರೆ ಅನ್ನುವುದನ್ನು ಹಾಳೆ ತೋರಿಸುತ್ತದೆ.

ಮನೆಯವರಿಗೊಂದು ಮಾತು. ಈ ನೋವು ಹೊರಗೆ ಕಾಣುವುದಿಲ್ಲ. ನಿನ್ನೆ ನಡೆದವರು ಇವತ್ತು ಕುಂಟಿದರೆ ನಾಟಕ ಅನ್ನಬೇಡಿ. ಹಾಗಂತ ‘ನೀವು ಏಳಲೇಬೇಡ್ರಿ’ ಅಂತ ಮಲಗಿಸುವುದೂ ಸಹಾಯವಲ್ಲ.

ಅಂಗಡಿಯಲ್ಲಿ ಬದಲಿಸಬಹುದಾದ್ದು

ಅರ್ಧ ಗಂಟೆಗೊಮ್ಮೆ ಮೊಬೈಲ್ ಅಲಾರಂ ಇಟ್ಟು ಎದ್ದು ನಿಲ್ಲಿ, ಬಾಗಿಲವರೆಗೆ ಹೋಗಿ ಬನ್ನಿ. ಗಾದಿಯ ಬದಲು ಬೆನ್ನಿಗೆ ಆಸರೆ ಇರುವ ಕುರ್ಚಿ ಹಾಕಿಕೊಳ್ಳಿ. ದಿನವಿಡೀ ನಿಲ್ಲುವವರು ಒಂದು ಕಾಲನ್ನು ಸಣ್ಣ ಮಣೆಯ ಮೇಲಿಟ್ಟು ಆಗಾಗ ಬದಲಿಸಬಹುದು. ಹೆಚ್ಚು ಹೋಗುವ ಸಾಮಾನು ಸೊಂಟದ ಎತ್ತರದಲ್ಲಿರಲಿ. ಹಿಂದಿನ ಜೇಬಿನ ದಪ್ಪ ಪರ್ಸ್ ತೆಗೆದಿಡಿ. ಎತ್ತಲೇಬೇಕಾದರೆ ಮೊಣಕಾಲು ಬಗ್ಗಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿದು ಎತ್ತಿ. ಎತ್ತುತ್ತಾ ಸೊಂಟ ತಿರುಗಿಸಬೇಡಿ.

ಶುಗರ್ ಇದ್ದವರಿಗೆ ಬೇರೆ ಎಚ್ಚರ

ಪಾದ ಮರಗಟ್ಟಿದವರಿಗೂ ನಡಿಗೆ ಒಳ್ಳೆಯದೇ. ಆದರೆ ಬರಿಗಾಲಲ್ಲಿ ಬೇಡ. ಕಲ್ಲು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಮೆಟ್ಟುವ ಮುನ್ನ ಚಪ್ಪಲಿ, ಬೂಟಿನೊಳಗೆ ಕೈಹಾಕಿ ನೋಡಿ. ರಾತ್ರಿ ಅಂಗಾಲು, ಬೆರಳ ಸಂದಿ ಪರೀಕ್ಷಿಸಿ. ಬಿಸಿನೀರಿನ ಚೀಲ, ಬಿಸಿನೀರಲ್ಲಿ ಕಾಲಿಡುವುದು ಬೇಡವೇ ಬೇಡ, ಸುಟ್ಟರೂ ತಿಳಿಯದು. ಗಾಯ ಇದ್ದರೆ ವಾಸಿಯಾಗುವವರೆಗೆ ನಡಿಗೆ ಬದಲು ಕೂತು ಮಾಡುವ ವ್ಯಾಯಾಮ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು, ಅದರಿಂದಲೂ ಕಾಲು ಜುಮು ಎನ್ನುತ್ತದೆ. ರಕ್ತ ಪರೀಕ್ಷೆ ಬಗ್ಗೆ ವೈದ್ಯರನ್ನು ಕೇಳಿ. ಶುಗರ್, ಬಿಪಿ ತಪಾಸಣೆ ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಸಿಗುತ್ತದೆ.

ಮಾತ್ರೆ ವಿಷಯ

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಕಿಡ್ನಿಗೆ ಪೆಟ್ಟು. ಶುಗರ್, ಬಿಪಿ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ನರದ ನೋವಿಗೆ ವೈದ್ಯರು ಬರೆಯುವ ಮಾತ್ರೆಗಳೇ ಬೇರೆ. ಅವು ಕೆಲಸ ತೋರಿಸಲು ಕೆಲವು ವಾರ ಬೇಕು. ‘ಎರಡು ದಿನ ತಗೊಂಡೆ, ಏನೂ ಆಗಲಿಲ್ಲ’ ಅಂತ ಬಿಡಬಾರದು. ಬಹಳ ದಿನ ತೆಗೆದುಕೊಂಡಿದ್ದರೆ ಏಕಾಏಕಿ ನಿಲ್ಲಿಸಲೂಬಾರದು.

ಇವು ಕಂಡರೆ ಅದೇ ದಿನ ಆಸ್ಪತ್ರೆಗೆ

• ಮೂತ್ರ ಕಟ್ಟುವುದು, ಅಥವಾ ಮಲ-ಮೂತ್ರದ ಹಿಡಿತ ತಪ್ಪುವುದು
• ಗುದ, ಜನನಾಂಗದ ಸುತ್ತ, ಒಳತೊಡೆಯಲ್ಲಿ ಮರಗಟ್ಟುವುದು
• ಪಾದ ಮೇಲೆತ್ತಲಾಗದೆ ಚಪ್ಪಲಿ ಜಾರಿ ಬೀಳುವುದು, ಕಾಲಿನ ಶಕ್ತಿ ಕುಂದುತ್ತಾ ಹೋಗುವುದು
• ಒಮ್ಮೆಲೇ ಎರಡೂ ಕಾಲಿಗೆ ನೋವು ಇಳಿಯುವುದು
• ಬಿದ್ದು ಪೆಟ್ಟಾದ ಮೇಲೆ ಬಂದ ನೋವು
• ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಅಥವಾ ಹಿಂದೆ ಕ್ಯಾನ್ಸರ್ ಆಗಿದ್ದುದು

ಮೊದಲ ಎರಡು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ನರಗುಚ್ಛದ ಮೇಲೆ ಒತ್ತಡ ಬಿದ್ದಿರಬಹುದು, ಆಪರೇಷನ್ ತಡವಾದಷ್ಟೂ ನಷ್ಟ ಶಾಶ್ವತವಾಗುತ್ತದೆ. 108ಕ್ಕೆ ಕರೆ ಮಾಡಿ. ಜಿಲ್ಲಾಸ್ಪತ್ರೆ ಅಥವಾ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗಬಹುದು.

ಇವ್ಯಾವುವೂ ಇಲ್ಲ, ಹಳೆಯ ನೋವೇ ಮತ್ತೆ ಏರಿದೆ ಎಂದಾದರೆ ಹೊಸ ಔಷಧಿ, ಹೊಸ ಊರು ಹುಡುಕುವ ಮೊದಲು ಬಿಟ್ಟ ವ್ಯಾಯಾಮದ ಅರ್ಧ ಇವತ್ತು ಸಂಜೆಯೇ ಶುರು ಮಾಡಿ. ವ್ಯಾಪಾರ ಇಲ್ಲದ ದಿನ ಅಂಗಡಿ ಮಾರಿ ಹೋಗುವವರು ಯಾರೂ ಇಲ್ಲ. ಬಾಗಿಲು ತೆಗೆದು ಕೂರುತ್ತಾರೆ, ಅಷ್ಟೇ.