ಆಕಾಶಗಂಗೆಯ ಒಡಲಲ್ಲಿ

ಬೇಸಿಗೆಯ ಬೆಳಗಿನ ಜಾವದಲ್ಲಿ ಹಳ್ಳಿಯ ನಿರ್ಮಲವಾದ ಆಕಾಶವನ್ನು ನೋಡಿದರೆ, ದಕ್ಷಿಣದ ಕಡೆಗೆ ಹಾಲು ಚೆಲ್ಲಿದಂತೆ ಹರಡಿದ ಬೆಳ್ಳನೆಯ ಪಟ್ಟಿಯೊಂದು ಕಾಣುತ್ತದೆ. ಅದೇ ಆಕಾಶಗಂಗೆ. ಸೂರ್ಯನೂ ಸೇರಿದಂತೆ ಹತ್ತು ಸಾವಿರ ಕೋಟಿಗೂ ಮಿಗಿಲಾದ ನಕ್ಷತ್ರಗಳಿಗೆ ಅದು ಮನೆ. ಅದರ ಕೇಂದ್ರವು ಧನುರಾಶಿಯ ದಿಕ್ಕಿನಲ್ಲಿ, ಸುಮಾರು 26,000 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಆದರೆ ಎಷ್ಟೇ ದೊಡ್ಡ ದೂರದರ್ಶಕವಿದ್ದರೂ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಆ ಕೇಂದ್ರವು ಗೋಚರಿಸದು. ನಡುವೆ ಕವಿದಿರುವ ಧೂಳಿನ ಮೋಡಗಳೇ ಇದಕ್ಕೆ ಕಾರಣ. ಅಲ್ಲಿಂದ ಹೊರಟ ಲಕ್ಷ ಕೋಟಿ ಬೆಳಕಿನ ಕಣಗಳಲ್ಲಿ ಸುಮಾರು ಒಂದು ಮಾತ್ರ ಭೂಮಿಯನ್ನು ತಲುಪುತ್ತದೆ.

ಈ ತೆರೆಯನ್ನು ಭೇದಿಸುವ ಬಗೆ ಹೇಗೆ? ರೇಡಿಯೋ ಅಲೆಗಳೂ ಅವಕೆಂಪು ಕಿರಣಗಳೂ ಧೂಳನ್ನು ದಾಟಿ ಬರಬಲ್ಲವು. ಹಾಗೆಯೇ ಅಧಿಕ ಶಕ್ತಿಯ ಕ್ಷ-ಕಿರಣಗಳೂ ಗ್ಯಾಮಾ ಕಿರಣಗಳೂ ದಾಟಿ ಬರುತ್ತವೆ. ಆಸ್ಪತ್ರೆಯಲ್ಲಿ ಮಾಂಸವನ್ನು ಹಾಯ್ದು ಮೂಳೆಯ ಚಿತ್ರವನ್ನು ತೋರಿಸುವ ಕಿರಣಗಳ ಜಾತಿಯವೇ ಇವು. ಆದರೆ ಭೂಮಿಯ ವಾಯುಮಂಡಲವು ಇವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಉಪಕರಣಗಳನ್ನು ವಾಯುಮಂಡಲದ ಆಚೆಗೆ ಒಯ್ಯುವುದು ಅನಿವಾರ್ಯ. 1962ರಲ್ಲಿ ರಾಕೆಟ್ಟೊಂದು ಸೌರಮಂಡಲದ ಹೊರಗಿನಿಂದ ಬಂದ ಕ್ಷ-ಕಿರಣಗಳನ್ನು ಮೊದಲು ಗುರುತಿಸಿತು. ಉಡುಪಿಯ ಸಮೀಪದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರಲ್ಲಿ ಮೇಲೇರಿದ ‘ಆರ್ಯಭಟ’ ಉಪಗ್ರಹದಲ್ಲಿಯೂ ಕ್ಷ-ಕಿರಣಗಳ ಅಧ್ಯಯನಕ್ಕೆ ಉಪಕರಣವಿತ್ತು.

ಹಾಗಾದರೆ ಆ ಕೇಂದ್ರದಲ್ಲಿ ಇರುವುದೇನು? ಸೂರ್ಯನ ಸುಮಾರು 40 ಲಕ್ಷ ಪಟ್ಟು ದ್ರವ್ಯರಾಶಿಯುಳ್ಳ ಕಪ್ಪುಕುಳಿ. ಬೆಳಕೂ ಅದರಿಂದ ತಪ್ಪಿಸಿಕೊಳ್ಳಲಾರದು. ಅದರ ಸುತ್ತ ನಕ್ಷತ್ರವೊಂದು 16 ವರ್ಷಗಳಿಗೊಮ್ಮೆ ಪ್ರದಕ್ಷಿಣೆ ಹಾಕುತ್ತದೆ. ಇಂತಹ ನಕ್ಷತ್ರಗಳ ಚಲನೆಯನ್ನು ದೀರ್ಘಕಾಲ ಅಳೆದ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ 2020ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿತು. ಕಪ್ಪುಕುಳಿಯು ಕಾಣದಿದ್ದರೂ, ಅದರತ್ತ ಸೆಳೆಯಲ್ಪಡುವ ಅನಿಲವು ಕೋಟಿಗಟ್ಟಲೆ ಡಿಗ್ರಿ ಕಾದು ಕ್ಷ-ಕಿರಣಗಳನ್ನು ಸೂಸುತ್ತದೆ. 1999ರಲ್ಲಿ ಹಾರಿದ ‘ಚಂದ್ರ’ ದೂರದರ್ಶಕವು ಮರುವರ್ಷವೇ ಅಲ್ಲಿ ಕೆಲವು ಗಂಟೆಗಳ ಕಾಲ ಉರಿದ ಕ್ಷ-ಕಿರಣಗಳ ಭುಗಿಲನ್ನು ಕಂಡಿತು. ಇಂತಹ ಭುಗಿಲುಗಳನ್ನು ಬಿಟ್ಟರೆ ಅದು ಬಹುಮಟ್ಟಿಗೆ ಶಾಂತವಾಗಿದೆ.

ಅದು ಎಂದೆಂದೂ ಹೀಗೆಯೇ ಶಾಂತವಾಗಿತ್ತೇ? ಇದಕ್ಕೆ ಉತ್ತರ ದೊರೆತ ಬಗೆ ಸ್ವಾರಸ್ಯಕರವಾದುದು. ರಾಮನಗರದ ಹೆಬ್ಬಂಡೆಗಳ ಎದುರು ನಿಂತು ಕೂಗಿದರೆ, ಕೂಗು ನಿಂತ ಮೇಲೆಯೂ ಮರುದನಿ ಕೇಳಿಬರುತ್ತದೆ. ಬೆಳಕಿಗೂ ಇಂತಹ ಮರುದನಿಯುಂಟು. ಕೇಂದ್ರದ ಸಮೀಪದ ಅನಿಲ ಮೋಡಗಳು ತಣ್ಣಗಿದ್ದರೂ ಕ್ಷ-ಕಿರಣಗಳಿಂದ ಹೊಳೆಯುತ್ತಿದ್ದವು. 2021ರಲ್ಲಿ ಹಾರಿದ ಉಪಗ್ರಹವೊಂದು ಆ ಕಿರಣಗಳ ಕಂಪನದ ದಿಕ್ಕನ್ನು ಅಳೆದಾಗ, ಅವು ಕಪ್ಪುಕುಳಿಯ ಕಡೆಯಿಂದ ಬಂದು ಮೋಡಗಳಲ್ಲಿ ಪ್ರತಿಫಲಿಸಿದವು ಎಂಬುದು ತಿಳಿದುಬಂತು. ಈ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಆ ಭುಗಿಲಿನ ನೇರ ಬೆಳಕು ಸುಮಾರು 200 ವರ್ಷಗಳ ಹಿಂದೆಯೇ ಭೂಮಿಯನ್ನು ದಾಟಿ ಹೋಗಿತ್ತು. ಆಗ ಅದನ್ನು ನೋಡುವ ಕಣ್ಣು ಮಾನವನಿಗಿರಲಿಲ್ಲ. ಸುತ್ತುದಾರಿ ಹಿಡಿದ ಮರುದನಿಯು ಮಾತ್ರ ಈಗ ಬಂದು ಆ ಕಥೆಯನ್ನು ಹೇಳಿತು.

ಇಂತಹ ಅನ್ವೇಷಣೆಯಲ್ಲಿ ಕನ್ನಡ ನಾಡಿನ ಪಾಲೂ ಉಂಟು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಹಾರಿದ ‘ಆಸ್ಟ್ರೋಸ್ಯಾಟ್’ ಉಪಗ್ರಹವು ಸುಮಾರು 650 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ಆಕಾಶಗಂಗೆಯ ಹಲವು ಕಪ್ಪುಕುಳಿಗಳನ್ನೂ ನ್ಯೂಟ್ರಾನ್ ನಕ್ಷತ್ರಗಳನ್ನೂ ಕ್ಷ-ಕಿರಣಗಳಲ್ಲಿ ಅಭ್ಯಸಿಸಿತು. ಅದರ ದತ್ತಾಂಶಗಳನ್ನು ಕಾಪಿಟ್ಟು ವಿಜ್ಞಾನಿಗಳಿಗೆ ಒದಗಿಸುವ ಕೇಂದ್ರವಿರುವುದು ಬಿಡದಿಯ ಸಮೀಪದ ಬ್ಯಾಲಾಳು ಗ್ರಾಮದಲ್ಲಿ. ಚಂದ್ರಯಾನದ ಸಂಕೇತಗಳನ್ನು ಆಲಿಸಲು 2008ರಲ್ಲಿ ಸಜ್ಜಾದ 32 ಮೀಟರ್ ವ್ಯಾಸದ ಬೋಗುಣಿಯಾಕಾರದ ಆಂಟೆನಾ ನಿಂತಿರುವುದೂ ಅಲ್ಲಿಯೇ. 2024ರ ಜನವರಿ 1ರಂದು ಹಾರಿದ ‘ಎಕ್ಸ್‌ಪೋಸ್ಯಾಟ್’ ಉಪಗ್ರಹದಲ್ಲಿ, ಕ್ಷ-ಕಿರಣಗಳ ಕಂಪನದ ದಿಕ್ಕನ್ನು ಅಳೆಯುವ ಉಪಕರಣವನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯು ರೂಪಿಸಿತು.

ಕಣ್ಣಿಗೆ ಕಾಣದುದೆಲ್ಲವೂ ಇಲ್ಲದುದಲ್ಲ. ತಕ್ಕ ಸಾಧನವನ್ನು ರೂಪಿಸಿ ತಾಳ್ಮೆಯಿಂದ ಕಾದರೆ, ಧೂಳಿನ ತೆರೆಯ ಹಿಂದಿನ ಸತ್ಯವೂ ಒಂದು ದಿನ ಬೆಳಕಿಗೆ ಬರುತ್ತದೆ.