ಡಮಾಮಿ ಬಡಿದಲ್ಲೇ ಅಂಗಿಯೂ ಅಚ್ಚಾಗಲಿ

ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ಸಿದ್ದಿ ಸಮುದಾಯದವರು ಡಮಾಮಿ ವಾದ್ಯ ಬಡಿದು ಕುಣಿಯುವ ಡಮಾಮಿ ಕುಣಿತ ಮುಗಿದ ಮೇಲೆ ಜನ ಚಪ್ಪಾಳೆ ತಟ್ಟುತ್ತಾರೆ, ಮೊಬೈಲಿನಲ್ಲಿ ತುಂಬಿಕೊಂಡ ವಿಡಿಯೊದೊಂದಿಗೆ ಹೊರಡುತ್ತಾರೆ. ಕಲಾವಿದರ ಕೈಗೆ ಬರುವುದು ಸಂಘಟಕರು ಕೊಟ್ಟ ಸಂಭಾವನೆ ಮಾತ್ರ. ದೊಡ್ಡ ಊರುಗಳ ರಾಕ್ ಸಂಗೀತ ಕಾರ್ಯಕ್ರಮಗಳಲ್ಲಿ ಹಾಗಲ್ಲ. ಅಲ್ಲಿ ವೇದಿಕೆಯಿಂದ ತುಸು ದೂರದಲ್ಲಿ ಒಂದು ಮೇಜು, ಅದರ ಮೇಲೆ ತಂಡದ ಚಿತ್ರ ಅಚ್ಚಾದ ಟೀ ಶರ್ಟುಗಳು. ಕೇಳಿದ ಹಾಡು ಇನ್ನೂ ಕಿವಿಯಲ್ಲಿರುವಾಗಲೇ ಜನ ಅವನ್ನು ಕೊಳ್ಳುತ್ತಾರೆ.

ಈ ವ್ಯಾಪಾರ ಒಂದು ಉದ್ಯಮವಾಗಿ ಬೆಳೆದದ್ದು 1970ರ ದಶಕದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ಸಂಘಟಕ ಬಿಲ್ ಗ್ರಹಾಂ ಅದಕ್ಕೆಂದೇ ವಿಂಟರ್‌ಲ್ಯಾಂಡ್ ಹೆಸರಿನ ಸಂಸ್ಥೆ ನಡೆಸಿದರು. ಅಂಥ ರಾಕ್ ತಂಡಗಳು ನಮ್ಮಲ್ಲಿಗೂ ಬಂದಿವೆ: ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಹಾಡಿದವು. ಕಪ್ಪು ಟೀ ಶರ್ಟ್ ಅಂಥ ಸಂಗೀತದ ಅಭಿಮಾನಿಗಳ ಸಮವಸ್ತ್ರವೇ ಆಗಿದೆ.

ಆ ಕಪ್ಪಿನ ಮೇಲೆ ಬಣ್ಣ ಹಿಡಿಸುವುದೇ ಕಸುಬಿನ ನಿಜವಾದ ಪರೀಕ್ಷೆ. ಸ್ಕ್ರೀನ್ ಎಂದರೆ ಚೌಕಟ್ಟಿಗೆ ಬಿಗಿದ ಜಾಲರಿ, ಅದರ ಮೇಲೆ ಬಳಿದ ಎಮಲ್ಷನ್, ಚಿತ್ರದ ಫಿಲ್ಮ್ ಇಟ್ಟು ಕೊಟ್ಟ ಬೆಳಕು: ಬೆಳಕು ಬಿದ್ದಲ್ಲಿ ಎಮಲ್ಷನ್ ಗಟ್ಟಿಯಾಗುತ್ತದೆ, ಬೀಳದ ಕಡೆ ನೀರಿಗೆ ತೊಳೆದುಹೋಗಿ ಬಣ್ಣ ಇಳಿಯಲು ದಾರಿ ಬಿಡುತ್ತದೆ. ಮದುವೆ ಕಾರ್ಡು ಅಚ್ಚು ಹಾಕುವವರಿಗೆಲ್ಲ ಗೊತ್ತಿರುವ ವಿದ್ಯೆ ಇದು. ಆದರೆ ಕಪ್ಪು ಬಟ್ಟೆ ಕೆಂಪನ್ನೂ ಹಳದಿಯನ್ನೂ ನುಂಗಿಬಿಡುತ್ತದೆ. ಹಾಗಾಗಿ ಮೊದಲು ಬಿಳಿಯ ತಳ ಕೊಟ್ಟು, ಬಿಸಿಗಾಳಿಯಲ್ಲಿ ಅರೆ ಒಣಗಿಸಿ, ಅದರ ಮೇಲೆ ಬಣ್ಣ ಎಳೆಯಬೇಕು. ಎರಡನೆಯ ಸ್ಕ್ರೀನ್ ಕೂದಲೆಳೆ ಸರಿದರೂ ಚಿತ್ರದ ಸುತ್ತ ಬಿಳಿ ಅಂಚು ಇಣುಕುತ್ತದೆ. ಅದಕ್ಕೇ ಅಂಗಿಯನ್ನು ಹಲಗೆಗೆ ಅಂಟು ಹಾಕಿ ಕೂರಿಸುತ್ತಾರೆ. ಬಣ್ಣ ಎಳೆಯುವ ಸ್ಕ್ವೀಜಿ ಹಿಡಿದ ಕೈ ಹಗುರಾದರೆ ಬಣ್ಣದಲ್ಲಿ ತೂತು ಬೀಳುತ್ತದೆ, ಭಾರವಾದರೆ ಬಣ್ಣ ಬೆನ್ನಿನ ಕಡೆಗೆ ಇಳಿಯುತ್ತದೆ. ಪ್ಲಾಸ್ಟಿಸಾಲ್ ಬಣ್ಣವಾದರೆ ಸುಮಾರು 160 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬಲಿಯಬೇಕು. ಇಲ್ಲದಿದ್ದರೆ ಕೆಲವೇ ಒಗೆತಕ್ಕೆ ಬಿರುಕು. ಈಗ ಫಿಲ್ಮಿನ ಮೇಲೆ ಮುದ್ರಿಸಿ ಶಾಖದಿಂದ ಅಂಟಿಸುವ ಯಂತ್ರಗಳು ಬಂದಿವೆ. ಒಂದೇ ಒಂದು ಅಂಗಿ ಬೇಕಾದವರಿಗೆ ಅದು ಅನುಕೂಲ. ಆದರೂ ಕೈಯಿಂದ ಎಳೆದ ಬಣ್ಣಕ್ಕೆ ನನ್ನ ಒಲವು ಹೆಚ್ಚು.

ಸಣ್ಣ ತಂಡಗಳನ್ನು ಮುಳುಗಿಸುವುದು ಅಳತೆ. ಮೊದಲೇ ಅಚ್ಚು ಹಾಕಿ ತಂದರೆ ಮೀಡಿಯಂ ಖಾಲಿಯಾಗಿ ಡಬಲ್ ಎಕ್ಸೆಲ್ ರಾಶಿ ಉಳಿಯಬಹುದು. ತಿರುಪ್ಪೂರಿನಿಂದ ಬಂದ ಖಾಲಿ ಅಂಗಿಗಳನ್ನೂ ಸ್ಕ್ರೀನುಗಳನ್ನೂ ಒಯ್ದು ಗಿರಾಕಿಯ ಎದುರೇ ಎಳೆದುಕೊಟ್ಟರೆ, ಉಳಿದದ್ದು ಮುಂದಿನ ಕಾರ್ಯಕ್ರಮಕ್ಕೆ ಹಾಗೇ ಬರುತ್ತದೆ.

ನಮ್ಮಲ್ಲಿ ಇದನ್ನು ಮಾಡಲು ಏನು ಕೊರತೆ? ಗಣೇಶೋತ್ಸವಕ್ಕೂ ಕಬಡ್ಡಿ ಪಂದ್ಯಕ್ಕೂ ಬನಿಯನ್ ಅಚ್ಚು ಹಾಕುವವರು ಇದ್ದಾರೆ. ಕಾಳಿ ನದಿಯ ರಾಫ್ಟಿಂಗ್‌ಗೆಂದು ದಾಂಡೇಲಿಗೆ ಬರುವ ಪ್ರವಾಸಿಗರಿದ್ದಾರೆ. ಚಿತ್ರಕ್ಕಂತೂ ಬರವೇ ಇಲ್ಲ. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುವಾದ ಹೊಲಿಗೆ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಫೂಲ ಕೂರಿಸದೆ ಅವರು ಕೌದಿಯನ್ನು ಪೂರ್ತಿಯಾಯಿತೆನ್ನುವುದಿಲ್ಲ. ಆ ಫೂಲ, ಜೊತೆಗೆ ಒಂದು ಡಮಾಮಿ: ಎರಡು ಬಣ್ಣದಲ್ಲಿ ಮುಗಿಯುವ ಕೆಲಸ. ಮಳೆಗಾಲದ ಥಂಡಿಯಲ್ಲಿ ಎಮಲ್ಷನ್ ಒಣಗದು, ನಿಜ. ಬಯಲು ವೇದಿಕೆಗಳು ಏಳುವುದೂ ಮಳೆ ನಿಂತ ಮೇಲೆಯೇ.

ಒಂದು ಎಚ್ಚರ ಬೇಕು. ಚಿತ್ರದ ಹಕ್ಕು ತಂಡದ್ದೂ ಹೊಲಿದ ಹೆಂಗಸರದ್ದೂ ಆಗಿರಬೇಕು. ಅವರನ್ನು ಕೇಳದೆ ಅಚ್ಚು ಹಾಕಿ ಮಾರುವವರು ಮೊದಲು ಬಂದುಬಿಟ್ಟರೆ, ಸಿದ್ದಿಯರಿಗೆ ಈ ಮೇಜಿನಿಂದಲೂ ಏನೂ ದಕ್ಕುವುದಿಲ್ಲ.

ಉತ್ಸವ ಸಮಿತಿಗಳಲ್ಲಿ ಕೇಳಿಕೊಳ್ಳುವುದಿಷ್ಟೇ: ಡಮಾಮಿ ತಂಡವನ್ನು ಕರೆಸುವಾಗ ಸಂಭಾವನೆಯ ಜೊತೆಗೆ ಒಂದು ಮೇಜು, ಒಂದು ದೀಪ, ಒಂದು ಪ್ಲಗ್ ಪಾಯಿಂಟನ್ನೂ ಕೊಡಿ. ಆ ಮೇಜಿಗೆ ಬಾಡಿಗೆ ಕೇಳಬೇಡಿ.