ಸವೆದ ಡಿಫರೆನ್ಶಿಯಲ್ ಮತ್ತು ಗೃಹಸ್ಥನ ವಿವೇಕ

ಎತ್ತಿನ ಗಾಡಿಯ ಕಾಲದಲ್ಲಿ ಗೃಹಸ್ಥನು ಅಚ್ಚಿಗೆ ಕೀಲೆಣ್ಣೆಯನ್ನು ಹಚ್ಚಿ ಕಡಾಣಿಯನ್ನು ನೋಡಿಕೊಂಡರೆ ಸಾಕಾಗಿದ್ದಿತು. ಇಂದು ಅದೇ ಗೃಹಸ್ಥನ ಮನೆಯ ಮುಂದೆ ಪಿಕಪ್ ಬಂಡಿಯು ನಿಂತಿರುವುದು. ಕೋಲಾರದ ಟೊಮೇಟೊ, ಮಲೆನಾಡಿನ ಅಡಕೆ, ಹಾಲಿನ ಕ್ಯಾನು, ಮದುವೆಯ ಪಾತ್ರೆ ಮೊದಲಾದುವೆಲ್ಲವನ್ನೂ ಹೊರುವ ಈ ಬಂಡಿಯು ಅನೇಕ ಕುಟುಂಬಗಳಿಗೆ ನೇಗಿಲಿಗೆ ಸಮಾನವಾದ ಜೀವನಾಧಾರವು. ಬಹುಮಟ್ಟಿಗೆ ಸಾಲದಿಂದ ಕೊಂಡುದು. ಇದರ ಹಿಂದಿನ ಅಚ್ಚಿನ ನಡುವೆ ಗಡಿಗೆಯಂತೆ ಉಬ್ಬಿರುವ ಕಬ್ಬಿಣದ ಕೋಶವೊಂದನ್ನು ವಾಚಕರು ಕಂಡಿರಬಹುದು. ಅದರೊಳಗಿರುವ ಯಂತ್ರವೇ ಡಿಫರೆನ್ಶಿಯಲ್. ಸಂಸ್ಕೃತದಲ್ಲಿ ಹೆಸರಿಡುವುದಾದರೆ ‘ಭೇದಕ’ವೆನ್ನಬಹುದು. ಇದು ಸವೆದುದನ್ನು ತಿಳಿಯುವ ಬಗೆ ಯಾವುದು, ಬದಲಿಸುವಾಗ ಯಾವ ಮಿತವ್ಯಯವು ಹಿತ, ಯಾವುದು ಅನರ್ಥ ಎಂಬುದನ್ನು ಇಲ್ಲಿ ವಿವರಿಸುವೆವು.

ಗಾಡಿಯ ಎರಡು ಚಕ್ರಗಳೂ ತಿರುಗದ ಅಚ್ಚಿನ ಮೇಲೆ ತಮ್ಮ ತಮ್ಮಷ್ಟಕ್ಕೆ ಉರುಳುವುವು, ಎಳೆಯುವವು ಎತ್ತುಗಳು. ಆದಕಾರಣ ತಿರುವಿನಲ್ಲಿ ಅವುಗಳಿಗೆ ತೊಡಕಿಲ್ಲ. ಪಿಕಪ್ಪಿನಲ್ಲಾದರೋ ಎಂಜಿನ್ನಿನ ಬಲವು ಹಿಂದಿನ ಚಕ್ರಗಳ ಮೂಲಕವೇ ಬರತಕ್ಕದ್ದು. ಎರಡನ್ನೂ ಒಂದೇ ದಂಡಕ್ಕೆ ಬಿಗಿದರೆ ಏನಾಗುವುದು? ಚಕ್ರಗಳ ನಡುವಿನ ಅಂತರವು 1.4 ಮೀಟರ್ ಎಂದಿಟ್ಟುಕೊಳ್ಳೋಣ. ಆಗುಂಬೆಯ ಘಾಟಿಯಲ್ಲಿ ಬಂಡಿಯು ಪೂರ್ತಿ ಹಿಂದಿರುಗುವ ಒಂದು ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನದಕ್ಕಿಂತ ಸುಮಾರು 4.4 ಮೀಟರ್ ಹೆಚ್ಚು ಓಡಬೇಕು. ತಿರುವು ಕಿರಿದಾಗಲಿ ಹಿರಿದಾಗಲಿ ಈ ವ್ಯತ್ಯಾಸವು ಒಂದೇ. ದಂಡವು ಇದಕ್ಕೆ ಅವಕಾಶ ಕೊಡದಿದ್ದರೆ ಟೈರು ಉಜ್ಜಬೇಕು, ಇಲ್ಲವೆ ದಂಡವೇ ಮುರಿಯಬೇಕು. ಇದಕ್ಕೆ ಪರಿಹಾರವಾಗಿ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬಾತನು 1820ರ ದಶಕದ ಕೊನೆಯಲ್ಲಿ ಹಬೆಯ ಬಂಡಿಗೆ ಈ ಭೇದಕವನ್ನು ಯೋಜಿಸಿದನು.

ಇದರ ರಚನೆಯು ಹೀಗಿರುವುದು. ಎಂಜಿನ್ನಿನ ಕಡೆಯಿಂದ ಬರುವ ಉದ್ದದ ದಂಡದ ತುದಿಯಲ್ಲಿ ಪಿನಿಯನ್ ಎಂಬ ಕಿರುಹಲ್ಲುಗಾಲಿಯುಂಟು. ಅದು ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುವುದು. ಪಿನಿಯನ್ನಿಗೆ 10 ಹಲ್ಲು, ಕ್ರೌನಿಗೆ 41 ಹಲ್ಲು ಇದ್ದರೆ, ದಂಡವು 4.1 ಸುತ್ತು ತಿರುಗಿದಾಗ ಕ್ರೌನ್ ಒಂದು ಸುತ್ತು ತಿರುಗುವುದು. ವೇಗವು ತಗ್ಗಿ ಬಲವು ಹೆಚ್ಚುವುದು. ಕ್ರೌನಿಗೆ ಬಿಗಿದ ಪೆಟ್ಟಿಗೆಯಲ್ಲಿ ನಾಲ್ಕು ಸಣ್ಣ ಗಾಲಿಗಳ ಕೂಟವೊಂದುಂಟು. ಅದು ಎರಡು ಚಕ್ರಗಳಿಗೂ ಬಲವನ್ನು ಸಮನಾಗಿ ಹಂಚಿ, ವೇಗದಲ್ಲಿ ಮಾತ್ರ ಅವುಗಳಿಗೆ ಸ್ವಾತಂತ್ರ್ಯ ಕೊಡುವುದು.

ಸವೆತಕ್ಕೆ ಕಾರಣಗಳು ಹಲವು. ಮಿತಿಮೀರಿದ ಭಾರವು ಮೊದಲನೆಯದು. ಎಣ್ಣೆಯ ಅಲಕ್ಷ್ಯವು ಎರಡನೆಯದು. ಕ್ರೌನ್ ಪಿನಿಯನ್ನುಗಳ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುವುದರಿಂದ ಸಾಮಾನ್ಯ ಎಣ್ಣೆಯ ಪೊರೆಯು ಅಲ್ಲಿ ನಿಲ್ಲದು. ಅಧಿಕ ಒತ್ತಡಕ್ಕೆಂದೇ ಗಂಧಕಾದಿಗಳನ್ನು ಬೆರೆಸಿದ ಗೇರ್ ಎಣ್ಣೆಯೇ ಬೇಕು. ಹಿಂದಿನ ಎರಡು ಟೈರುಗಳ ಅಳತೆಯು ಬೇರೆಯಾಗಿದ್ದರೆ, ನೇರವಾದ ದಾರಿಯಲ್ಲಿಯೂ ಒಳಗಿನ ಸಣ್ಣ ಗಾಲಿಗಳಿಗೆ ವಿಶ್ರಾಂತಿಯಿಲ್ಲ. ಕೆಸರಿನಲ್ಲಿ ಒಂದು ಚಕ್ರವು ನಿಂತು ಇನ್ನೊಂದು ಗಿರ್ರನೆ ತಿರುಗುವಾಗ, ತಿರುಗುವ ಚಕ್ರವು ಕ್ರೌನಿನ ಎರಡರಷ್ಟು ವೇಗದಲ್ಲಿರುವುದು. ಆಗ ಎಂಜಿನ್ನನ್ನು ಅಬ್ಬರಿಸುವುದು ಆ ಸಣ್ಣ ಗಾಲಿಗಳನ್ನು ಸುಟ್ಟಂತೆಯೇ ಸರಿ. ಚಕ್ರದಡಿಗೆ ಗೋಣಿಯನ್ನೋ ಜಲ್ಲಿಯನ್ನೋ ಹಾಕುವುದು ಲೇಸು.

ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕನಂತೆ, ಧ್ವನಿಯಿಂದ ದೋಷವನ್ನು ಊಹಿಸಬೇಕು. ಒಂದು ನಿರ್ದಿಷ್ಟ ವೇಗದಲ್ಲಿ ಎದ್ದು, ವೇಗವರ್ಧಕವನ್ನು ಒತ್ತಿದಾಗ ಒಂದು ಬಗೆಯಾಗಿಯೂ ಬಿಟ್ಟಾಗ ಇನ್ನೊಂದು ಬಗೆಯಾಗಿಯೂ ಕೇಳುವ ಊಳು ಕ್ರೌನ್ ಪಿನಿಯನ್ನಿನ ಸವೆತವನ್ನು ಸೂಚಿಸುವುದು. ಹೊರಡುವಾಗ ‘ಟಣ್’ ಎಂಬ ಪೆಟ್ಟು ಕೇಳಿದರೆ ಹಲ್ಲುಗಳ ನಡುವಿನ ಸಡಿಲವು ಹೆಚ್ಚಿರಬಹುದು. ಆದರೆ ಸದ್ದು ಬಂದೊಡನೆ ಭೇದಕವೇ ಕೆಟ್ಟಿತೆಂಬುದು ಹೇತ್ವಾಭಾಸವು. ದಂಡದ ಕೀಲು, ಚಕ್ರದ ಬೇರಿಂಗ್, ಅಸಮವಾಗಿ ಸವೆದ ಟೈರುಗಳೂ ಹೀಗೆಯೇ ಕೂಗುವುವು; ಅವನ್ನು ಮೊದಲು ಪರೀಕ್ಷಿಸತಕ್ಕದ್ದು. ಬಳಿಕ ಎಣ್ಣೆಯನ್ನು ಇಳಿಸಿ ನೋಡಬೇಕು. ಅಯಸ್ಕಾಂತದ ಬಿರಡೆಗೆ ನುಣುಪಾದ ಬೂದುಬಣ್ಣದ ಲೇಪ ಅಂಟಿರುವುದು ಸಹಜ. ಚೂರುಗಳು ದೊರೆತರೆ ಅಪಾಯ. ಎಣ್ಣೆಯು ಹಾಲಿನಂತಾಗಿದ್ದರೆ ನೀರು ಸೇರಿದೆ. ಹಳೆಯ ಬಂಡಿಯನ್ನು ಕೊಳ್ಳುವವರು ಇನ್ನೊಂದನ್ನು ನೆನಪಿಡಲಿ: ಮರದ ಹೊಟ್ಟನ್ನೋ ಗಟ್ಟಿ ಗ್ರೀಸನ್ನೋ ತುಂಬಿ ಊಳನ್ನು ಅಡಗಿಸುವ ವಂಚನೆಯು ಬಹಳ ಹಳೆಯದು.

ಸವೆತವು ನಿಶ್ಚಯವಾದ ಮೇಲೆ ಮಾರ್ಗಗಳು ಎರಡು: ಒಳಭಾಗಗಳನ್ನು ಹೊಸದಾಗಿ ಕೂಡಿಸುವುದು, ಅಥವಾ ಇಡೀ ಭೇದಕವನ್ನೇ ಬದಲಿಸುವುದು. ನಮ್ಮ ನೆರೆಯ ತರಕಾರಿ ವ್ಯಾಪಾರಿಯೊಬ್ಬರಿಗೆ, ಪಿನಿಯನ್ ಒಂದನ್ನೇ ಹೊಸತು ಹಾಕಿ ಕ್ರೌನಿನ ಹಣವನ್ನು ಉಳಿಸೋಣವೆಂದು ಯಾರೋ ಉಪದೇಶಿಸಿದರು. ಇದು ಸಲ್ಲದು. ಕ್ರೌನ್ ಪಿನಿಯನ್ನುಗಳು ಕಾರ್ಖಾನೆಯಲ್ಲಿಯೇ ಜೊತೆಗೂಡಿಸಲ್ಪಟ್ಟ ಜೋಡಿ. ಒಂದರ ಹಲ್ಲಿಗೆ ಇನ್ನೊಂದರ ಹಲ್ಲು ಹೊಂದಿರುವುದು. ಹಳೆಯದಕ್ಕೆ ಹೊಸದನ್ನು ಕಟ್ಟಿದರೆ ಎರಡೂ ಕೆಡುವುವು. ಆ ವ್ಯಾಪಾರಿಯು ಜೋಡಿಯನ್ನೇ ಕೊಂಡರು. ಬೇರಿಂಗು, ಸೀಲುಗಳನ್ನೂ ಹೊಸತು ಹಾಕಿಸಿದರು. ಗುಜರಿಯಿಂದ ಇಡೀ ಭೇದಕವನ್ನು ತರುವುದಾದರೆ ಅದರ ಪ್ರಮಾಣವು ಹಳೆಯದಕ್ಕೆ ಸಮನಾಗಿರಬೇಕು. ಅದು ಇನ್ನೂ ಅಚ್ಚಿನಲ್ಲಿದ್ದರೆ ಒಂದು ಚಕ್ರವನ್ನು ಅಲುಗದಂತೆ ಹಿಡಿದು, ಇನ್ನೊಂದನ್ನು ಎರಡು ಸುತ್ತು ತಿರುಗಿಸಿ, ದಂಡದ ಸುತ್ತುಗಳನ್ನು ಎಣಿಸಿದರೆ ಪ್ರಮಾಣವು ತಿಳಿಯುವುದು. ನಾಲ್ಕು ಚಕ್ರಗಳಿಗೂ ಬಲವಿರುವ ಬಂಡಿಯಲ್ಲಿ ಮುಂದಿನ ಹಿಂದಿನ ಪ್ರಮಾಣಗಳು ಬೇರೆಯಾದರೆ ಯಂತ್ರವು ತನ್ನೊಡನೆ ತಾನೇ ಸೆಣಸುವುದು.

ಕೆಲಸದ ಕ್ರಮವನ್ನು ಗೃಹಸ್ಥನು ತಿಳಿದಿದ್ದರೆ ಗ್ಯಾರೇಜಿನಲ್ಲಿ ನಿಂತು ನೋಡಲು ಅನುಕೂಲವು. ಸಮನೆಲದಲ್ಲಿ ಮುಂಚಕ್ರಗಳಿಗೆ ತಡೆಯಿಟ್ಟು, ಹಿಂಭಾಗವನ್ನು ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಬೇಕು. ಜ್ಯಾಕ್ ಒಂದನ್ನೇ ನಂಬಿ ಅಡಿಗೆ ನುಸುಳುವುದು ಪ್ರಾಣಾಂತಿಕವು. ಎಣ್ಣೆಯನ್ನು ಇಳಿಸಿ, ಚಕ್ರಗಳನ್ನು ಬಿಚ್ಚಿ, ಪಕ್ಕದ ಅಚ್ಚುಗಳನ್ನು ಹೊರಗೆಳೆದು, ಉದ್ದದ ದಂಡವನ್ನು ಗುರುತುಹಾಕಿ ಕಳಚುವರು. ಬೇರಿಂಗಿನ ಮುಚ್ಚಳಗಳನ್ನು ಎಡಬಲ ಗುರುತಿಸದೆ ತೆಗೆಯಬಾರದು. ಹೊಸ ಜೋಡಿಯನ್ನು ಕೂಡಿಸುವಾಗ ಪಿನಿಯನ್ನಿನ ಆಳವನ್ನು ತೆಳು ತಗಡುಗಳಿಂದ ಸರಿಪಡಿಸುವರು. ಹಲ್ಲುಗಳ ನಡುವಿನ ಸಡಿಲವು ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ ಮಾತ್ರವಿರಬೇಕು. ಇದನ್ನು ಕೈಯಂದಾಜಿನಿಂದ ಹೇಳಲಾಗದು, ಡಯಲ್ ಮಾಪಕವೇ ಬೇಕು. ಕೊನೆಗೆ ಹಲ್ಲುಗಳಿಗೆ ಬಣ್ಣದ ಲೇಪವನ್ನು ಹಚ್ಚಿ ತಿರುಗಿಸಿದರೆ, ಒತ್ತಿದ ಗುರುತು ಹಲ್ಲಿನ ನಡುವೆ ಮೂಡತಕ್ಕದ್ದು. ಅಂಚಿಗೆ ಸರಿದಿದ್ದರೆ ಮತ್ತೆ ಬಿಚ್ಚಬೇಕು. ಈ ಗುರುತನ್ನು ತೋರಿಸಿರೆಂದು ಕೇಳುವುದಕ್ಕೆ ಗೃಹಸ್ಥನು ಸಂಕೋಚಪಡಬಾರದು. ಅಚ್ಚಿನ ಮೇಲಿನ ಗಾಳಿರಂಧ್ರವನ್ನೂ ಶುಚಿಮಾಡಿಸಬೇಕು; ಅದು ಮುಚ್ಚಿದ್ದರೆ ಕಾದ ಗಾಳಿಯು ಹೊಸ ಸೀಲಿನಿಂದಲೂ ಎಣ್ಣೆಯನ್ನು ಹೊರದೂಡುವುದು.

ಹೊಸ ಹಲ್ಲುಗಳು ಒಂದಕ್ಕೊಂದು ಪಳಗಬೇಕು. ಮೊದಲ ಇಪ್ಪತ್ತು ಮೂವತ್ತು ಕಿಲೋಮೀಟರು ಮೆಲ್ಲನೆ ಓಡಿಸಿ, ಆರಲು ಬಿಟ್ಟು, ಸುಮಾರು 800 ಕಿಲೋಮೀಟರಿನವರೆಗೆ ಪೂರ್ಣ ಭಾರವನ್ನು ಹೇರದೆ, ಆಮೇಲೆ ಎಣ್ಣೆಯನ್ನು ಬದಲಿಸುವುದು ಉತ್ತಮವು.

ಇಷ್ಟೆಲ್ಲ ಏತಕ್ಕೆ, ಊಳುತ್ತಲೇ ಓಡಲಿ ಎನ್ನುವವರುಂಟು. ಊಳು ತಿಂಗಳುಗಟ್ಟಲೆ ಸಹಿಸಬಹುದಾದುದು ನಿಜ. ಆದರೆ ಪಿನಿಯನ್ನಿನ ಬೇರಿಂಗು ಬೆಂದು ಕಚ್ಚಿಕೊಂಡರೆ ಹಿಂದಿನ ಎರಡು ಚಕ್ರಗಳೂ ಒಮ್ಮೆಲೇ ನಿಂತು ಬಂಡಿಯು ಅಡ್ಡಬೀಳಬಹುದು. ಘಾಟಿಯ ಇಳಿಜಾರಿನಲ್ಲಿ ಹಲ್ಲುಗಳು ಕಳಚಿದರೆ ಎಂಜಿನ್ನಿನ ತಡೆಯು ತಪ್ಪಿ, ಭಾರವೆಲ್ಲವೂ ಬ್ರೇಕಿನ ಮೇಲೆಯೇ ಬೀಳುವುದು. ಬೆಳಗಿನ ಜಾವ ತರಕಾರಿಯ ಬುಟ್ಟಿಗಳೊಡನೆ ಹೊರಟ ಮಗನಿಗೋಸ್ಕರ ಮನೆಯಲ್ಲಿ ಕಾಯುತ್ತಿರುವವರು ಆ ಊಳನ್ನು ಕೇಳಿದ್ದರೆ, ಬೆಳೆಯ ಹಣ ಬರಲೆಂದು ಕಾಯದೆ, ಆ ವಾರವೇ ಬಿರಡೆಯನ್ನು ಬಿಚ್ಚಿಸಿ ಎಣ್ಣೆಯನ್ನು ನೋಡಿಸಬೇಕೆಂದು ನಮ್ಮ ಬಿನ್ನಹ.